ಘಾಟಿ, ಮಳೆ, ಬ್ಯಾಟರಿ ಬೈಕು: ಬಿಎಂಎಸ್ ಓದುವುದು ಹೇಗೆ, ಕಾಪಾಡುವುದು ಹೇಗೆ

ಘಾಟಿ ಹತ್ತುವಾಗ ಮೀಟರಿನಲ್ಲಿ ಇನ್ನೂ 22 ಪರ್ಸೆಂಟ್ ಇದೆ, ಬೈಕು ಇದ್ದಕ್ಕಿದ್ದಂತೆ ಆಫ್. ಎರಡು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಆನ್ ಆಗುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಆಫ್. ಇಂಥ ಬೈಕನ್ನು ಶಿವಮೊಗ್ಗದವರೆಗೆ ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ, ಇಡೀ ಬ್ಯಾಟರಿಗೆ ರೇಟು ಕೇಳಿ ಗಾಬರಿಯಾಗುವವರು ಬಹಳ. ಬ್ಯಾಟರಿ ಪೂರ್ತಿ ಹೋಗಿರುವುದು ಕಡಿಮೆ. ಹೆಚ್ಚಿನ ಸಲ ಒಂದು ಸೆಲ್ ಗುಂಪು ಸೋತಿರುತ್ತದೆ, ಇಲ್ಲವೇ ಒಂದು ಕನೆಕ್ಟರಿನೊಳಗೆ ಥಂಡಿ (ತೇವ) ಹಿಡಿದಿರುತ್ತದೆ, ಇಲ್ಲವೇ ಪರ್ಸೆಂಟಿನ ಲೆಕ್ಕವೇ ತಪ್ಪಿರುತ್ತದೆ. ಮೂರರಲ್ಲಿ ಯಾವುದು ಎಂದು ಬ್ಯಾಟರಿಯೊಳಗಿನ ಕಾವಲು ಬೋರ್ಡು, ಅಂದರೆ ಬಿಎಂಎಸ್, ಹೇಳುತ್ತದೆ. ಅದರ ಅಂಕಿ ಓದಲು ಬಂದರೆ ಸಾಕು.

ಬಿಎಂಎಸ್ ಮಾಡುವ ಕೆಲಸ

ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದರೆ ಪ್ಯಾಕಿನೊಳಗೆ, ಅಂದರೆ ಸೆಲ್ ಗುಂಪುಗಳನ್ನು ಸರಪಳಿಯಂತೆ ಜೋಡಿಸಿದ ಬ್ಯಾಟರಿ ಪೆಟ್ಟಿಗೆಯೊಳಗೆ, ಕೂತ ಒಂದು ಸರ್ಕ್ಯೂಟ್ ಬೋರ್ಡು. ಅದು ಮೂರು ವಿಷಯ ಅಳೆಯುತ್ತದೆ: ಪ್ರತಿ ಸೆಲ್ ಗುಂಪಿನ ವೋಲ್ಟೇಜು (ತೆಳು ಸೆನ್ಸ್ ವೈರುಗಳಿಂದ), ಒಳಗೆ ಹೊರಗೆ ಹರಿಯುವ ಕರೆಂಟು (ಶಂಟ್ ಎಂಬ ಲೋಹದ ಪಟ್ಟಿಯಿಂದ), ಮತ್ತು ಉಷ್ಣತೆ (ಸೆಲ್ಲುಗಳ ನಡುವೆ ಅಂಟಿಸಿದ ಥರ್ಮಿಸ್ಟರ್‌ಗಳಿಂದ). ಯಾವುದಾದರೂ ಮಿತಿ ದಾಟಿದರೆ ಮಾಸ್ಫೆಟ್ ಎಂಬ ಸ್ವಿಚ್ಚುಗಳನ್ನು ತೆರೆದು ಪ್ಯಾಕನ್ನು ಕತ್ತರಿಸುತ್ತದೆ. ಪಕ್ಕದ ಗುಂಪುಗಳಿಗಿಂತ ಮೇಲೇರಿದ ಗುಂಪಿನಿಂದ ಸ್ವಲ್ಪ ಸ್ವಲ್ಪ ಶಕ್ತಿಯನ್ನು ರೆಸಿಸ್ಟರಿನಲ್ಲಿ ಬಿಸಿ ಮಾಡಿ ಕಳೆದು ಎಲ್ಲವನ್ನೂ ಸಮಕ್ಕೆ ತರುತ್ತದೆ. ಇದೇ ಬ್ಯಾಲೆನ್ಸಿಂಗ್. ಸೋತ ಸೆಲ್ಲನ್ನು ವಾಸಿ ಮಾಡುವ ಶಕ್ತಿ ಅದಕ್ಕಿಲ್ಲ, ಸೋತದ್ದನ್ನು ಹೇಳಲಷ್ಟೇ ಗೊತ್ತು.

ಮೀಟರಿನ ಪರ್ಸೆಂಟು ಅಳತೆಯಲ್ಲ, ಲೆಕ್ಕ. ಅಂಗಡಿಯ ಉದ್ದರಿ ಪುಸ್ತಕದಂತೆ ಬಿಎಂಎಸ್ ಎಷ್ಟು ಆಂಪಿಯರ್-ಅವರ್ ಹೋಯಿತು, ಎಷ್ಟು ಬಂತು ಎಂದು ಬರೆದುಕೊಳ್ಳುತ್ತಿರುತ್ತದೆ. ಪ್ರತಿ ಸಲ ಚೂರು ತಪ್ಪುತ್ತದೆ. ಪೂರ್ತಿ ಚಾರ್ಜ್ ಆದಾಗ ಮಾತ್ರ ಪುಸ್ತಕ ಸರಿಪಡಿಸಿಕೊಳ್ಳುತ್ತದೆ. ಎರಡು ತಿಂಗಳು 40ರಿಂದ 80ರ ನಡುವೆಯೇ ಓಡಿಸಿದ ಬೈಕಿನ 22 ಪರ್ಸೆಂಟು ನಿಜಕ್ಕೂ 12 ಇರಬಹುದು.

ಮೊದಲು ಗೊತ್ತಿರಬೇಕಾದ್ದು: ಒಳಗಿರುವುದು ಯಾವ ಸೆಲ್

ಇದು ಗೊತ್ತಿಲ್ಲದೆ ಮುಂದಿನ ಯಾವ ಅಂಕಿಗೂ ಅರ್ಥವಿಲ್ಲ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್ಲು ತುಂಬಿದಾಗ 4.2 ವೋಲ್ಟ್, ಸರಾಸರಿ 3.6ರಿಂದ 3.7, ಖಾಲಿಯಾದಾಗ 2.8ರಿಂದ 3.0. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲು ತುಂಬಿದಾಗ 3.65, ಸರಾಸರಿ 3.2, ಖಾಲಿಯಾದಾಗ 2.5. ಬೆಂಗಳೂರಿನ ಒಬೆನ್ ರೋರ್ ಬೈಕು ಎಲ್‌ಎಫ್‌ಪಿ ಬಳಸುತ್ತದೆ. ನಿಮ್ಮದು ಯಾವುದೆಂದು ಪ್ಯಾಕಿನ ಮೇಲಿನ ಲೇಬಲ್ಲಿನಲ್ಲಿ ಅಥವಾ ಮ್ಯಾನುಯಲ್ಲಿನಲ್ಲಿ ಇರುತ್ತದೆ.

ಸಾಮಾನ್ಯವಾಗಿ ಸಿಗುವ ಜೋಡಣೆಗಳು: 14 ಗುಂಪಿನ ಎನ್‌ಎಂಸಿ ತುಂಬಿದಾಗ 58.8 ವೋಲ್ಟ್, 16 ಗುಂಪಿನ ಎಲ್‌ಎಫ್‌ಪಿ 58.4, 20 ಗುಂಪಿನ ಎನ್‌ಎಂಸಿ 84, 24 ಗುಂಪಿನ ಎಲ್‌ಎಫ್‌ಪಿ 87.6. ಚಾರ್ಜರ್ ಕೆಟ್ಟಾಗ "72 ವೋಲ್ಟಿನದು ಕೊಡಿ" ಎಂದು ಅಂಗಡಿಯಲ್ಲಿ ಕೇಳಬೇಡಿ. 87.6ರ ಚಾರ್ಜರನ್ನು 20 ಗುಂಪಿನ ಎನ್‌ಎಂಸಿಗೆ ಚುಚ್ಚಿದರೆ ಪ್ರತಿ ಗುಂಪಿಗೆ 4.38 ವೋಲ್ಟ್ ಹೋಗಲು ನೋಡುತ್ತದೆ. ಆಗ ನಿಮ್ಮ ಮತ್ತು ಬೆಂಕಿಯ ನಡುವೆ ಉಳಿಯುವುದು ಬಿಎಂಎಸ್ ಒಂದೇ. ದಿನವೂ ಅದರ ಕೊನೆಯ ಮಿತಿಯವರೆಗೆ ಹೋಗಿ ನಿಲ್ಲಿಸುವುದೆಂದರೆ ಬಾವಿಯ ಕಟ್ಟೆಯ ಮೇಲೆ ಮಲಗಿದ ಹಾಗೆ. ಚಾರ್ಜರಿನ ಲೇಬಲ್ಲಿನಲ್ಲಿ ಔಟ್‌ಪುಟ್ ಎಂದು ಬರೆದ ದಶಮಾಂಶದ ಅಂಕಿಯನ್ನೇ ಹೊಂದಿಸಿ ನೋಡಿ.

ಸಾಮಾನು, ಎಚ್ಚರಿಕೆ

ಮನೆಯಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಒಂದು ನಂಬಿಕೆಯ ಡಿಜಿಟಲ್ ಮಲ್ಟಿಮೀಟರ್, ಎಲೆಕ್ಟ್ರಿಷಿಯನ್ ರಬ್ಬರ್ ಗ್ಲೌಸ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್, ಡೈಎಲೆಕ್ಟ್ರಿಕ್ ಗ್ರೀಸು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಹಳೆಯ ಹತ್ತಿ ಬಟ್ಟೆ. ಕೈಯ ಉಂಗುರ, ಕಡಗ, ವಾಚು ಬಿಚ್ಚಿಡಿ. 60 ವೋಲ್ಟಿಗಿಂತ ಹೆಚ್ಚಿನ ಡಿಸಿ ಅಪಾಯಕಾರಿ. ಒದ್ದೆ ಕೈಗೆ ಇನ್ನೂ ಕಡಿಮೆಯೂ ಸಾಕು. ಅದಕ್ಕಿಂತ ಹೆಚ್ಚಾಗಿ, ಶಾರ್ಟಾದರೆ ಸ್ಪ್ಯಾನರ್ ಅಲ್ಲಿಯೇ ಬೆಸುಗೆಯಾಗಿ ಕೆಂಪಗಾಗುವಷ್ಟು ಕರೆಂಟು ಈ ಪ್ಯಾಕುಗಳಿಂದ ಬರುತ್ತದೆ.

ಕಂಪನಿ ಬೈಕಿನ ಪ್ಯಾಕನ್ನು ವಾರಂಟಿಯಲ್ಲಿರುವಾಗ ತೆರೆಯಲೇಬೇಡಿ. ಸೀಲು ಹರಿದರೆ ವಾರಂಟಿಯೂ ಹೋಯಿತು, ನೀರು ತಡೆಯುವ ಗುಣವೂ ಹೋಯಿತು. ಮುಂದೆ ಹೇಳುವುದರಲ್ಲಿ ಬಹುಪಾಲು ಪ್ಯಾಕು ತೆರೆಯದೆ ಮಾಡುವ ಕೆಲಸ.

ಅಂಕಿ ಓದುವ ದಾರಿ ಎರಡು. ಸ್ಥಳೀಯವಾಗಿ ಕಟ್ಟಿಸಿದ ಪ್ಯಾಕು ಅಥವಾ ಕನ್ವರ್ಷನ್ (ಪೆಟ್ರೋಲಿನಿಂದ ಬ್ಯಾಟರಿಗೆ ಬದಲಿಸಿದ) ಬೈಕಾದರೆ ಒಳಗೆ ಜೆಕೆ, ಡಾಲಿ, ಜೆಬಿಡಿ ಇಂಥ ಬ್ಲೂಟೂತ್ ಬಿಎಂಎಸ್ ಇರುತ್ತದೆ, ಮೊಬೈಲ್ ಆ್ಯಪಿನಲ್ಲಿ ಪ್ರತಿ ಗುಂಪಿನ ವೋಲ್ಟೇಜೂ ಕಾಣುತ್ತದೆ. ಕಂಪನಿ ಬೈಕಾದರೆ ಆ್ಯಪಿನಲ್ಲಿ ಪರ್ಸೆಂಟು, ಉಷ್ಣತೆ, ಎರರ್ ಕೋಡು ಬಿಟ್ಟು ಹೆಚ್ಚೇನೂ ಕಾಣದು. ಉಳಿದದ್ದು ಸರ್ವಿಸ್ ಸೆಂಟರಿನ ಟೂಲಿಗೆ ಮಾತ್ರ. ಹಾಗಿದ್ದಾಗ ಪ್ರತಿ ಸರ್ವಿಸಿನಲ್ಲೂ "ಸೆಲ್ ವೋಲ್ಟೇಜ್ ರಿಪೋರ್ಟ್ ಕೊಡಿ" ಎಂದು ಕೇಳಿ, ಸ್ಕ್ರೀನಿನ ಫೋಟೋ ತೆಗೆದಿಟ್ಟುಕೊಳ್ಳಿ. ಆರು ತಿಂಗಳ ಹಿಂದಿನ ಫೋಟೋ ಇದ್ದರೆ ವಾರಂಟಿ ವಾದದಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಒಂದೇ ಪ್ಯಾಕು, ಮೂರು ಹೊತ್ತಿನ ಅಂಕಿ

ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಗುಂಪುಗಳ ವ್ಯತ್ಯಾಸಕ್ಕೆ ಡೆಲ್ಟಾ ಎನ್ನುತ್ತಾರೆ. ಆ್ಯಪ್ ತೆರೆದ ಕೂಡಲೇ ಕಾಣುವ ಒಂದು ಡೆಲ್ಟಾ ನೋಡಿ ಖುಷಿಪಡುವುದೂ ಬೇಡ, ಹೆದರುವುದೂ ಬೇಡ. ಮೂರು ಹೊತ್ತಿನಲ್ಲಿ ಬರೆದುಕೊಳ್ಳಿ.

1. ಪೂರ್ತಿ ಚಾರ್ಜ್ ಆಗಿ, ಚಾರ್ಜರ್ ತೆಗೆದು ಒಂದು ಗಂಟೆ ಬಿಟ್ಟು.
2. 50 ಪರ್ಸೆಂಟಿನ ಆಸುಪಾಸಿನಲ್ಲಿ, ಏರಿನಲ್ಲಿ ಹೋಗುತ್ತಿರುವಾಗ. ಓಡಿಸುತ್ತ ಮೊಬೈಲ್ ನೋಡಬೇಡಿ, ಹಿಂದೆ ಕೂತವರು ಸ್ಕ್ರೀನ್ ರೆಕಾರ್ಡ್ ಮಾಡಲಿ.
3. 20 ಪರ್ಸೆಂಟಿಗೆ ಇಳಿದ ಮೇಲೆ, ಬೈಕು ನಿಲ್ಲಿಸಿ ಅರ್ಧ ಗಂಟೆ ಬಿಟ್ಟು.

ಎನ್‌ಎಂಸಿ ಪ್ಯಾಕಿನಲ್ಲಿ ಮೊದಲನೆಯದು 20 ಮಿಲಿವೋಲ್ಟಿನೊಳಗೆ ಇದ್ದರೆ ಚೆನ್ನಾಗಿದೆ, 50ರವರೆಗೆ ಕಣ್ಣಿಟ್ಟಿರಿ, 100 ದಾಟಿದರೆ ಏನೋ ಇದೆ. ಲೋಡಿನಲ್ಲಿ 100ರವರೆಗೆ ಸಹಜ. ಎಲ್‌ಎಫ್‌ಪಿಗೆ ಬೇರೆ ಲೆಕ್ಕ: ನಡುವೆ ಎಲ್ಲ ಗುಂಪೂ 3.28, 3.29 ಎಂದು ಒಂದೇ ಸಮ ಕಾಣುತ್ತವೆ, ಅದರಿಂದ ಏನೂ ತಿಳಿಯದು. ಚಾರ್ಜಿನ ಕೊನೆಯ ಕೆಲವು ನಿಮಿಷದಲ್ಲಿ ಡೆಲ್ಟಾ 200 ದಾಟಿ ಹಾರುತ್ತದೆ, ಅದಕ್ಕೂ ಹೆದರಬೇಕಿಲ್ಲ. ಎಲ್‌ಎಫ್‌ಪಿಯ ಸತ್ಯ ಕಾಣುವುದು ಎರಡು ತುದಿಗಳಲ್ಲಿ, ವಿಶ್ರಾಂತಿಯ ನಂತರ.

ಅಂಕಿಗಳ ವಿನ್ಯಾಸ ನೋಡಿ ರೋಗ ಹಿಡಿಯುವುದು

*ತುದಿಯಲ್ಲಿ ಮಾತ್ರ ಡೆಲ್ಟಾ.* ತುಂಬಿದಾಗ 80, ನಡುವೆ 15. ಇದು ಬರೀ ಅಸಮತೋಲನ, ಸೆಲ್ಲು ಆರೋಗ್ಯವಾಗಿದೆ. ಬ್ಯಾಲೆನ್ಸಿಂಗಿಗೆ ಸಮಯ ಕೊಟ್ಟರೆ ಸರಿಹೋಗುತ್ತದೆ. ಎಷ್ಟು ಸಮಯ ಎಂಬುದನ್ನು ಮುಂದೆ ಹೇಳಿದೆ.

*ಲೋಡಿನಲ್ಲಿ ಮಾತ್ರ ಡೆಲ್ಟಾ.* ನಿಂತಾಗ ಎಲ್ಲ ಸಮ, ಏರಿನಲ್ಲಿ ಒಂದೇ ಗುಂಪು ಕುಸಿಯುತ್ತದೆ, ನಿಂತ ಕೂಡಲೇ ಮೇಲೆ ಬರುತ್ತದೆ. ಆ ಗುಂಪಿನ ಒಳ ರೆಸಿಸ್ಟೆನ್ಸ್ ಹೆಚ್ಚಾಗಿದೆ. ಘಾಟಿಯಲ್ಲಿ ಆಫ್ ಆಗುವ ಬೈಕಿನ ಕತೆ ಇದೇ. 20 ಪರ್ಸೆಂಟಿನಲ್ಲಿ ಗುಂಪು 3.45 ವೋಲ್ಟಿನಲ್ಲಿದೆ ಎನ್ನಿ. 70 ಆಂಪಿಯರ್ ಎಳೆದಾಗ 3 ಮಿಲಿಓಮಿನ ಒಳ್ಳೆಯ ಗುಂಪು 0.21 ಕಳೆದುಕೊಂಡು 3.24ಕ್ಕೆ ಬರುತ್ತದೆ. 9 ಮಿಲಿಓಮಿನ ಸೋತ ಗುಂಪು 0.63 ಕಳೆದುಕೊಂಡು 2.82ಕ್ಕೆ ಬೀಳುತ್ತದೆ. ಬಿಎಂಎಸ್ ಮಿತಿ 2.8 ಇದ್ದರೆ ಇನ್ನೊಂದು ಚೂರು ಥ್ರಾಟಲ್ ತಿರುಗಿಸಿದಾಗ ಕಟ್. ಉಳಿದ 19 ಗುಂಪಿನಲ್ಲಿ ಎಷ್ಟು ಚಾರ್ಜ್ ಇದ್ದರೂ ಪ್ರಯೋಜನವಿಲ್ಲ. ಸರಪಳಿಯಲ್ಲಿ ಸೋತ ಕೊಂಡಿಯ ಲೆಕ್ಕವೇ ನಡೆಯುವುದು.

*ಒಂದು ಮೇಲೆ, ಪಕ್ಕದ್ದು ಅಷ್ಟೇ ಕೆಳಗೆ.* ಇದನ್ನು ಗುರುತಿಸಲು ಕಲಿತರೆ ಒಂದು ಪ್ಯಾಕಿನ ದುಡ್ಡು ಉಳಿಯಬಹುದು. ಎಲ್ಲ ಗುಂಪುಗಳು 3.65 ಇವೆ. ಏಳನೆಯದು 3.92, ಎಂಟನೆಯದು 3.38. ಎರಡನ್ನೂ ಕೂಡಿಸಿ ನೋಡಿ: 7.30. ಅಂದರೆ ಎರಡು ಒಳ್ಳೆಯ ಗುಂಪಿನಷ್ಟೇ. ಸೆಲ್ಲುಗಳಿಗೆ ಏನೂ ಆಗಿಲ್ಲ, ಅವೆರಡರ ನಡುವಿನ ಸೆನ್ಸ್ ವೈರು ಸಡಿಲವಾಗಿದೆ ಅಥವಾ ಅದರ ಪಿನ್ನಿಗೆ ಕಿಲುಬು ಹಿಡಿದಿದೆ. ಮಲೆನಾಡಿನ ಗುಂಡಿ ರಸ್ತೆ ಮತ್ತು ಥಂಡಿ ಎರಡೂ ಸೇರಿ ಇದನ್ನು ಧಾರಾಳವಾಗಿ ಹುಟ್ಟಿಸುತ್ತವೆ. ಗೊತ್ತಿಲ್ಲದ ಮೆಕ್ಯಾನಿಕ್ "ಎಂಟನೇ ಸೆಲ್ ಹೋಗಿದೆ" ಎಂದು ಬಿಡುತ್ತಾನೆ. ಕೂಡಿಸಿ ತೋರಿಸಿ.

*ಸುಮ್ಮನೆ ನಿಂತಾಗಲೂ ದಿನೇ ದಿನೇ ಇಳಿಯುವ ಗುಂಪು.* ಬೈಕು ಮುಟ್ಟದೆ ನಾಲ್ಕು ದಿನ ಇಡಿ. ಬೆಳಿಗ್ಗೆ ಒಂದೇ ಹೊತ್ತಿಗೆ ಅಂಕಿ ಬರೆದುಕೊಳ್ಳಿ. ಉಳಿದವು ಕದಲದೆ ಒಂದೇ ಗುಂಪು ದಿನಕ್ಕೆ 5ರಿಂದ 10 ಮಿಲಿವೋಲ್ಟ್ ಕಳೆದುಕೊಳ್ಳುತ್ತಿದ್ದರೆ ಒಳಗೇ ಸೋರಿಕೆ ಇದೆ. ಬಿಎಂಎಸ್ ಬೋರ್ಡಿನ ಬ್ಯಾಲೆನ್ಸ್ ಸ್ವಿಚ್ಚು ಅಂಟಿಕೊಂಡು ಆ ಗುಂಪನ್ನು ಹೀರುತ್ತಿರಬಹುದು, ಇಲ್ಲವೇ ಸೆಲ್ಲಿನೊಳಗೇ ಸಣ್ಣ ಶಾರ್ಟ್ ಇರಬಹುದು. ಎರಡನೆಯದು ಬೆಂಕಿಯ ಮೊದಲ ಮೆಟ್ಟಿಲು. ಯಾವುದೆಂದು ತಿಳಿಯುವವರೆಗೆ ಆ ಪ್ಯಾಕನ್ನು ಚಾರ್ಜ್ ಮಾಡಬೇಡಿ, ಮನೆಯೊಳಗೆ ಇಡಬೇಡಿ.

*ಮೈನಸ್ 40 ಡಿಗ್ರಿ.* ಬೈಕು ಓಡುತ್ತದೆ, ಚಾರ್ಜ್ ಮಾತ್ರ ಹಿಡಿಯುವುದಿಲ್ಲ. ಆ್ಯಪಿನಲ್ಲಿ ಒಂದು ಸೆನ್ಸರು ಮೈನಸ್ 40 ತೋರಿಸುತ್ತಿದೆ. ಆಗುಂಬೆಯ ಆಶ್ಲೇಷ ಮಳೆಯಲ್ಲೂ ಅಷ್ಟು ಚಳಿ ಇಲ್ಲ. ಥರ್ಮಿಸ್ಟರ್ ವೈರು ತುಂಡಾಗಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಬಾರದು ಎಂಬ ನಿಯಮವನ್ನು ಬಿಎಂಎಸ್ ಪಾಲಿಸುತ್ತಿದೆ, ಅಷ್ಟೇ. ಸಾಮಾನ್ಯವಾಗಿ ಬಳಸುವ 10 ಕಿಲೋಓಮ್ ಥರ್ಮಿಸ್ಟರು 25 ಡಿಗ್ರಿಯಲ್ಲಿ 10 ಕಿಲೋಓಮ್, 35ರಲ್ಲಿ ಸುಮಾರು 6.5, 45ರಲ್ಲಿ ಸುಮಾರು 4.3 ತೋರಿಸಬೇಕು. ಮಲ್ಟಿಮೀಟರಿನಲ್ಲಿ ಓಪನ್ ಬಂದರೆ ಬದಲಿಸಿ. ಅದೇ ಓಮಿನ ಹೊಸದಕ್ಕೆ ಕೆಲವೇ ರೂಪಾಯಿ.

*ಕತ್ತರಿಸಲಾಗದ ಬಿಎಂಎಸ್.* ಮಾಸ್ಫೆಟ್ ಸುಟ್ಟಾಗ ಹೆಚ್ಚಾಗಿ ಶಾರ್ಟಾಗಿಯೇ ಸುಡುತ್ತದೆ. ಆಗ ಬೈಕು ಎಂದಿನಂತೆ ಓಡುತ್ತದೆ, ಕಾವಲು ಮಾತ್ರ ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಬ್ಲೂಟೂತ್ ಬಿಎಂಎಸ್ ಇದ್ದವರು ಆರು ತಿಂಗಳಿಗೊಮ್ಮೆ ಹೀಗೆ ಪರೀಕ್ಷಿಸಿ: ಕೀ ಆಫ್ ಮಾಡಿ, ಪ್ಯಾಕಿನ ಔಟ್‌ಪುಟ್ ಕನೆಕ್ಟರನ್ನು ಬೈಕಿನಿಂದ ಬಿಡಿಸಿ. ಆ ಕನೆಕ್ಟರಿಗೆ ಹೋಲ್ಡರಿನಲ್ಲಿ ಹಾಕಿದ 100 ವ್ಯಾಟಿನ ಹಳೆಯ ತಂತಿ ಬಲ್ಬು ಜೋಡಿಸಿ. 230 ವೋಲ್ಟಿನದೇ ಆಗಲಿ, ಮಂಕಾಗಿ ಉರಿಯುತ್ತದೆ. ಆ್ಯಪಿನಲ್ಲಿ ಡಿಸ್ಚಾರ್ಜ್ ಆಫ್ ಮಾಡಿ. ಬಲ್ಬು ಆರಬೇಕು. ಆರದಿದ್ದರೆ ಬೋರ್ಡು ಬದಲಿಸುವವರೆಗೆ ಬೈಕು ನಿಲ್ಲಿಸಿ. ಬಲ್ಬಿಲ್ಲದೆ ಬರೀ ಮಲ್ಟಿಮೀಟರ್ ಇಟ್ಟರೆ ಆಫ್ ಆದ ಮಾಸ್ಫೆಟ್ ಮೂಲಕವೂ ಸೋರಿದ ವೋಲ್ಟೇಜು ಕಾಣಿಸಿ ದಾರಿ ತಪ್ಪಿಸುತ್ತದೆ.

ವಾರಂಟಿ ಮುಗಿದ ಪ್ಯಾಕನ್ನು ಗೊತ್ತಿದ್ದವರು ತೆರೆದಾಗ ಎರಡು ಮಾತು ನೆನಪಿರಲಿ. ಸೆನ್ಸ್ ಕನೆಕ್ಟರನ್ನು ಮೊದಲು ಕಳಚಿ, ಆಮೇಲೆ ಬಿಎಂಎಸ್ಸಿನ ದಪ್ಪ ಋಣ ತಂತಿ. ಜೋಡಿಸುವಾಗ ತಿರುಗುಮುರುಗು: ಋಣ ತಂತಿ ಮೊದಲು, ಸೆನ್ಸ್ ಕನೆಕ್ಟರು ಕೊನೆಗೆ. ತಪ್ಪಿದರೆ ಬೋರ್ಡಿನ ಅಳತೆ ಚಿಪ್ಪು ಒಂದೇ ಕ್ಷಣದಲ್ಲಿ ಹೋಗಬಹುದು. ಎರಡನೆಯದು, ಸೆನ್ಸ್ ಪಿನ್ನುಗಳು ಜೋಳದ ಕಾಳಿನಷ್ಟೂ ದೂರವಿಲ್ಲ. ಮಲ್ಟಿಮೀಟರ್ ಕಡ್ಡಿಗೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ತುದಿಯಲ್ಲಿ 2 ಮಿಲಿಮೀಟರ್ ಮಾತ್ರ ಬಿಡಿ.

ಬ್ಯಾಲೆನ್ಸ್ ಮಾಡಿಸುವುದು

ಬೈಕುಗಳ ಬಿಎಂಎಸ್ ಬ್ಯಾಲೆನ್ಸಿಂಗ್ ಕರೆಂಟು ಸಾಮಾನ್ಯವಾಗಿ 50ರಿಂದ 100 ಮಿಲಿಆಂಪಿಯರ್. 40 ಆಂಪಿಯರ್-ಅವರ್ ಪ್ಯಾಕಿನಲ್ಲಿ ಒಂದು ಗುಂಪು 2 ಪರ್ಸೆಂಟ್ ಮುಂದಿದ್ದರೆ ಕಳೆಯಬೇಕಾದ್ದು 0.8 ಆಂಪಿಯರ್-ಅವರ್. 50 ಮಿಲಿಆಂಪಿಯರಿನಲ್ಲಿ ಅದಕ್ಕೆ 16 ಗಂಟೆ. ಹಸಿರು ದೀಪ ಬಂದ ಕೂಡಲೇ ಚಾರ್ಜರ್ ಕಿತ್ತರೆ ಈ ಕೆಲಸ ಎಂದಿಗೂ ಮುಗಿಯದು. ಮೇಲಾಗಿ ಬ್ಯಾಲೆನ್ಸಿಂಗ್ ಶುರುವಾಗುವುದೇ ಎನ್‌ಎಂಸಿಯಲ್ಲಿ 4 ವೋಲ್ಟಿನ ಆಚೆ, ಎಲ್‌ಎಫ್‌ಪಿಯಲ್ಲಿ 3.4ರ ಆಚೆ ಎಂದು ಸೆಟ್ ಆಗಿರುವುದು ಸಾಮಾನ್ಯ. "80 ಪರ್ಸೆಂಟಿಗಿಂತ ಹೆಚ್ಚು ಚಾರ್ಜ್ ಮಾಡಬೇಡಿ" ಎಂಬ ಮಾತನ್ನು ವ್ರತದಂತೆ ಪಾಲಿಸಿದವರ ಪ್ಯಾಕು ವರ್ಷದಲ್ಲಿ ಅಡ್ಡಾದಿಡ್ಡಿಯಾಗುವುದು ಇದಕ್ಕೇ.

ದಿನದ ಓಡಾಟಕ್ಕೆ 80, 85 ಸಾಕು. ಎನ್‌ಎಂಸಿಯನ್ನು ಎರಡು ವಾರಕ್ಕೊಮ್ಮೆ, ಎಲ್‌ಎಫ್‌ಪಿಯನ್ನು ವಾರಕ್ಕೊಮ್ಮೆ ಪೂರ್ತಿ 100ಕ್ಕೆ ತಂದು, ನೀವು ಎಚ್ಚರವಿರುವ ಹೊತ್ತಿನಲ್ಲಿ ಇನ್ನೂ ಮೂರು ನಾಲ್ಕು ಗಂಟೆ ಚಾರ್ಜರಿನಲ್ಲೇ ಬಿಡಿ. ಪರ್ಸೆಂಟಿನ ಲೆಕ್ಕಪುಸ್ತಕವೂ ಇದರಲ್ಲೇ ಸರಿಹೋಗುತ್ತದೆ. ಡೆಲ್ಟಾ ತೀರಾ ಹೆಚ್ಚಿದ್ದರೆ ಇದನ್ನು ನಾಲ್ಕೈದು ದಿನ ಒಂದೇ ಸಮ ಮಾಡಿ, ಪ್ರತಿ ದಿನ ಅಂಕಿ ಬರೆದಿಡಿ. ಇಳಿಯುತ್ತ ಬಂದರೆ ಗೆದ್ದಿರಿ. ಐದು ದಿನದ ನಂತರವೂ ಇದ್ದಲ್ಲೇ ಇದ್ದರೆ ಅದು ಬ್ಯಾಲೆನ್ಸಿನ ರೋಗವಲ್ಲ.

ಘಾಟಿ: ಏರು ಮತ್ತು ಇಳಿಕೆ

ಬೈಕು ಮತ್ತು ಸವಾರ ಸೇರಿ 250 ಕಿಲೋ ಎಂದು ಇಟ್ಟುಕೊಳ್ಳಿ. 8 ಪರ್ಸೆಂಟ್ ಏರಿನಲ್ಲಿ ಗಂಟೆಗೆ 30 ಕಿಲೋಮೀಟರಿನಲ್ಲಿ ಹೋದರೆ 72 ವೋಲ್ಟಿನ ಪ್ಯಾಕಿನಿಂದ ಸುಮಾರು 33 ಆಂಪಿಯರ್ ಎಳೆಯುತ್ತದೆ. 50ರಲ್ಲಿ ಹೋದರೆ ಸುಮಾರು 69. ಕರೆಂಟು ದುಪ್ಪಟ್ಟಾದರೆ ಸೆಲ್ಲಿನೊಳಗೆ ಹುಟ್ಟುವ ಬಿಸಿ ನಾಲ್ಕು ಪಟ್ಟು. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತುವಾಗ ಇಕೋ ಮೋಡಿನಲ್ಲಿ 30ರ ಆಸುಪಾಸು ಇಟ್ಟರೆ ತಡವಾಗುವುದು ಕೆಲವೇ ನಿಮಿಷ, ಉಳಿಯುವುದು ಬ್ಯಾಟರಿಯ ಆಯುಷ್ಯ. 40 ಪರ್ಸೆಂಟಿಗಿಂತ ಕಡಿಮೆ ಇದ್ದಾಗ ಘಾಟಿ ಹತ್ತಲು ಹೊರಡಬೇಡಿ. ಮೇಲೆ ಬಂದ ಕೂಡಲೇ ಚಾರ್ಜಿಗೂ ಹಾಕಬೇಡಿ. ಬಹುತೇಕ ಬಿಎಂಎಸ್‌ಗಳು 45 ಡಿಗ್ರಿಯ ಮೇಲೆ ಚಾರ್ಜ್ ಒಪ್ಪುವುದಿಲ್ಲ, ಒಪ್ಪಿದರೂ ಸೆಲ್ಲಿಗೆ ಒಳ್ಳೆಯದಲ್ಲ. 45 ನಿಮಿಷ ಆರಲು ಬಿಡಿ.

ಇಳಿಯುವಾಗಿನ ಅಪಾಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆಗುಂಬೆಯ ಮನೆಯಲ್ಲಿ ರಾತ್ರಿ 100 ಪರ್ಸೆಂಟ್ ಚಾರ್ಜ್ ಮಾಡಿ ಬೆಳಿಗ್ಗೆ ಘಾಟಿ ಇಳಿಯಲು ಹೊರಟರೆ ಮೋಟರನ್ನೇ ಡೈನಮೋ ಮಾಡಿಕೊಳ್ಳುವ ರೀಜನ್ ಬ್ರೇಕು ಹುಟ್ಟಿಸಿದ ಕರೆಂಟಿಗೆ ಪ್ಯಾಕಿನಲ್ಲಿ ಜಾಗವಿಲ್ಲ. ಒಂದು ಗುಂಪು 4.2 ಮುಟ್ಟಿದ ಕೂಡಲೇ ಬಿಎಂಎಸ್ ರೀಜನ್ ನಿಲ್ಲಿಸುತ್ತದೆ. ತಿರುವಿನ ಮಧ್ಯೆ ಹಿಡಿದಿದ್ದ ಎಳೆತ ಥಟ್ಟನೆ ಬಿಟ್ಟುಹೋಗುತ್ತದೆ. ಕಟ್ಟಿಸಿದ ಪ್ಯಾಕುಗಳಲ್ಲಿ ಇಡೀ ಬೈಕೇ ಆಫ್ ಆಗುವುದೂ ಉಂಟು. ಸುಮಾರು 500 ಮೀಟರ್ ಇಳಿತದಲ್ಲಿ 250 ಕಿಲೋ ತೂಕಕ್ಕೆ ಸಿಗುವ ಶಕ್ತಿ 0.34 ಕಿಲೋವ್ಯಾಟ್-ಅವರ್. ಅದರಲ್ಲಿ ಅರ್ಧ ಹಿಂದಿರುಗಿದರೂ 3 ಕಿಲೋವ್ಯಾಟ್-ಅವರ್ ಪ್ಯಾಕಿಗೆ 5, 6 ಪರ್ಸೆಂಟ್. ಹಾಗಾಗಿ ಆಗುಂಬೆಯಾಗಲಿ ಹುಲಿಕಲ್ಲಾಗಲಿ, ಇಳಿಯುವ ದಿನ 85, 90ಕ್ಕೆ ಚಾರ್ಜ್ ನಿಲ್ಲಿಸಿ. ಬಾಕಿಯನ್ನು ಘಾಟಿಯೇ ತುಂಬಿಸುತ್ತದೆ.

ಮಳೆಗಾಲ

ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯಂಥ ಕಡೆ ಬೈಕಿನ ಐಪಿ67 ಎಂಬ ಬರಹದ ಅರ್ಥ ತಿಳಿದಿರಬೇಕು. ಧೂಳು ಒಳಹೋಗದು, 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ನೀರು ಒಳಹೋಗದು ಎಂಬುದು ಹೊಸ ಪ್ಯಾಕಿಗೆ ಮಾಡಿದ ಪರೀಕ್ಷೆ. ವಾಟರ್ ಸರ್ವಿಸಿನವರ ಪ್ರೆಷರ್ ಗನ್ನು ಕನೆಕ್ಟರಿಗೆ ನೇರ ಹೊಡೆದರೆ ಏನಾಗುತ್ತದೆ ಎಂದು ಆ ಅಂಕಿ ಹೇಳುವುದಿಲ್ಲ. ಬಕೆಟ್, ಬಟ್ಟೆ ಸಾಕು.

ನೀರಿಗಿಂತ ಹೆಚ್ಚು ಕೆಡಿಸುವುದು ಥಂಡಿ. ಓಡಿ ಬಿಸಿಯಾದ ಪ್ಯಾಕು ಕೊಟ್ಟಿಗೆಯ ಪಕ್ಕದ ಒದ್ದೆ ಗಾಳಿಯಲ್ಲಿ ಆರುವಾಗ ಉಸಿರೆಳೆದುಕೊಳ್ಳುತ್ತದೆ. ಅದಕ್ಕೆಂದೇ ಪ್ಯಾಕಿನಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಒಂದು ಪುಟ್ಟ ಬಿಲ್ಲೆ ಇರುತ್ತದೆ. "ಇಲ್ಲಿಂದ ನೀರು ಹೋಗುತ್ತದೆ" ಎಂದು ಅದಕ್ಕೆ ಎಂ-ಸೀಲ್ ಬಳಿಯುವುದು ಊರ ತುಂಬ ಇದೆ. ಬಳಿಯಬೇಡಿ. ಬಿಲ್ಲೆ ಮುಚ್ಚಿದರೆ ಪ್ಯಾಕು ಗ್ಯಾಸ್ಕೆಟ್ಟಿನ ಸಂದಿಯಿಂದ ಗಾಳಿಯ ಜೊತೆ ನೀರನ್ನೂ ಎಳೆದುಕೊಳ್ಳುತ್ತದೆ. ಸೆಲ್ಲು ಕೆಟ್ಟು ಗ್ಯಾಸು ಬಂದಾಗ ಹೊರಹೋಗುವ ದಾರಿಯೂ ಇಲ್ಲದಾಗುತ್ತದೆ.

ಮೃಗಶಿರಾ ಮಳೆ ಹಿಡಿಯುವ ಮುಂಚೆ, ಅಂದರೆ ಮೇ ಕೊನೆಯ ವಾರದಲ್ಲಿ ಒಮ್ಮೆ, ಪುಷ್ಯ ಮಳೆಯ ಹೊಳವಿನಲ್ಲಿ ಇನ್ನೊಮ್ಮೆ ಕನೆಕ್ಟರ್ ಕೆಲಸ ಮಾಡಿ:

1. ಕೀ ಆಫ್, ಬ್ಯಾಟರಿ ಎಂಸಿಬಿ (ಪ್ಯಾಕಿನ ಮುಖ್ಯ ಸ್ವಿಚ್ಚು) ಆಫ್. ಐದು ನಿಮಿಷ ಕಾಯಿರಿ, ಕಂಟ್ರೋಲರಿನ ಕೆಪಾಸಿಟರ್ ಖಾಲಿಯಾಗಲಿ.
2. ಚಾರ್ಜಿಂಗ್ ಪೋರ್ಟ್, ಪ್ಯಾಕಿನ ಮುಖ್ಯ ಕನೆಕ್ಟರ್, ಸಿಗ್ನಲ್ ವೈರುಗಳ ಕನೆಕ್ಟರ್ ತೆರೆದು ಟಾರ್ಚ್ ಹಾಕಿ ನೋಡಿ. ಹಸಿರು ಪುಡಿ ಇದ್ದರೆ ತಾಮ್ರದ ಕಿಲುಬು. ಕಪ್ಪು ಅಥವಾ ಕಂದು ಕಲೆ, ಕರಗಿದ ಪ್ಲಾಸ್ಟಿಕ್ ಇದ್ದರೆ ಅಲ್ಲಿ ಬಿಸಿಯಾಗಿದೆ. ಅದನ್ನು ತೊಳೆಯುವುದಲ್ಲ, ಬದಲಿಸುವುದು.
3. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬ್ರಷ್ಷಿನಿಂದ ಉಜ್ಜಿ. ಉಪ್ಪು ಕಾಗದ ಬೇಡ, ಪಿನ್ನಿನ ಲೇಪ ಕಿತ್ತುಹೋಗಿ ಮುಂದಿನ ಮಳೆಗೆ ದುಪ್ಪಟ್ಟು ಕಿಲುಬು. ಪೂರ್ತಿ ಒಣಗಲು ಅರ್ಧ ಗಂಟೆ.
4. ಡೈಎಲೆಕ್ಟ್ರಿಕ್ ಗ್ರೀಸನ್ನು ರಬ್ಬರ್ ಸೀಲಿಗೆ ತೆಳುವಾಗಿ ಹಚ್ಚಿ. ಲೋಹದ ಪಿನ್ನಿಗೆ ಮೆತ್ತುವುದಲ್ಲ. ಅಡುಗೆ ಎಣ್ಣೆ, ಚಕ್ಕಡಿ ಗ್ರೀಸು ಹಾಕಿದರೆ ರಬ್ಬರು ಉಬ್ಬಿ ಸೀಲು ಹೋಗುತ್ತದೆ.
5. ಜೋಡಿಸಿ, ಲಾಕ್ ಟಿಕ್ ಎಂದು ಕೇಳುವವರೆಗೆ ಒತ್ತಿ. ಒಂದು ಏರು ಓಡಿಸಿ ಬಂದು ಕನೆಕ್ಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಕಾಂಟ್ಯಾಕ್ಟ್ ಸರಿಯಿಲ್ಲ.

ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇಲಿ ಸೀಟಿನಡಿಗೆ ಬರುತ್ತದೆ. ಸಿಗ್ನಲ್ ವೈರು ಕಡಿದರೆ ಚಾರ್ಜರಿಗೂ ಬಿಎಂಎಸ್‌ಗೂ ಮಾತು ನಿಂತು ವಿಚಿತ್ರ ಎರರ್ ಕೋಡುಗಳು ಬರುತ್ತವೆ. ಕೋಡು ಹುಡುಕುವ ಮುಂಚೆ ಸೀಟೆತ್ತಿ ಹಿಕ್ಕೆ ಇದೆಯೇ ನೋಡಿ.

ಚಾರ್ಜಿಂಗ್ ಜಾಗ

ಹುಲ್ಲಿನ ಬಣವೆ, ಸೌದೆ, ಅಡಿಕೆ ಒಣಗಿಸುವ ಅಟ್ಟ, ಹೊರಹೋಗುವ ಏಕೈಕ ಬಾಗಿಲು, ಇವುಗಳ ಪಕ್ಕ ಬೇಡ. ಮಳೆ ಬೀಳದ, ಮೂರು ಕಡೆ ಗಾಳಿಯಾಡುವ ಮಾಡು ಒಳ್ಳೆಯದು. 16 ಆಂಪಿಯರ್ ಸಾಕೆಟ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕತ್ತರಿಸುವ ಸ್ವಿಚ್ಚು), ಸರಿಯಾದ ಅರ್ತಿಂಗ್ ಮೂರೂ ಬೇಕು. ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಸಿ ವೋಲ್ಟೇಜು 2, 3ರೊಳಗೆ ಇರಲಿ. 10, 20 ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಯಿರಿ. ತೋಟದ ತುದಿಯ ಮನೆಗಳಲ್ಲಿ ಸಂಜೆ ಪಂಪು ಓಡುವ ಹೊತ್ತಿಗೆ 170ಕ್ಕೆ ಇಳಿಯುವ ವೋಲ್ಟೇಜು ಪಂಪು ನಿಂತ ಮೇಲೆ ಏರುತ್ತದೆ. ಚಾರ್ಜರಿನ ಮೇಲೆ ಬರೆದ ಇನ್‌ಪುಟ್ ಮಿತಿಗೆ ಇದು ಹೊಂದದಿದ್ದರೆ ಚಾರ್ಜಿನ ಹೊತ್ತು ಬದಲಿಸಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗು ಮಳೆಗೆ ಪ್ಲಗ್ಗನ್ನೇ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಿಡಿಲಿಗೆ ಲೆಕ್ಕಕ್ಕಿಲ್ಲ.

ನಿಲ್ಲಿಸಿಡುವಾಗ

ನೀವು ಓಡಿಸದಿದ್ದರೂ ಬಿಎಂಎಸ್ ಎಚ್ಚರವಾಗಿರುತ್ತದೆ. ಬ್ಲೂಟೂತ್ ಸೇರಿ 15 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.36, ತಿಂಗಳಿಗೆ 10.8 ಆಂಪಿಯರ್-ಅವರ್. 40ರ ಪ್ಯಾಕನ್ನು 20 ಪರ್ಸೆಂಟಿನಲ್ಲಿ, ಅಂದರೆ 8 ಆಂಪಿಯರ್-ಅವರಿನಲ್ಲಿ ಬಿಟ್ಟರೆ 22 ದಿನಕ್ಕೆ ಬರಿದು. ಆಮೇಲೂ ಇಳಿಯುತ್ತ ಹೋಗಿ ಸೆಲ್ಲು 2 ವೋಲ್ಟಿಗಿಂತ ಕೆಳಗೆ ಬಿದ್ದರೆ ಒಳಗಿನ ತಾಮ್ರ ಕರಗತೊಡಗುತ್ತದೆ. ಅಂಥ ಪ್ಯಾಕನ್ನು ಬಿಎಂಎಸ್ ದಾಟಿ ನೇರ ತಂತಿ ಕೊಟ್ಟು "ಎಬ್ಬಿಸುವವರು" ಇದ್ದಾರೆ. ಎಬ್ಬಿಸಬೇಡಿ, ಕರಗಿದ ತಾಮ್ರ ಮತ್ತೆ ಕೂರುವಾಗ ಸೂಜಿಯಂತೆ ಬೆಳೆದು ಒಳಗೇ ಶಾರ್ಟ್ ಮಾಡುತ್ತದೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ 50, 60ರಲ್ಲಿ ಇಟ್ಟು ಎಂಸಿಬಿ ಆಫ್ ಮಾಡಿ. ಎಂಸಿಬಿ ಬಿಎಂಎಸ್ಸಿನ ಆಚೆಗಿರುವುದರಿಂದ ಬೋರ್ಡಿನ ಎಳೆತ ನಿಲ್ಲದು, ಆದ್ದರಿಂದ ತಿಂಗಳಿಗೊಮ್ಮೆ ಪರ್ಸೆಂಟು ನೋಡಿ ತುಂಬಿಸಿ.

ಕೈ ಹಾಕಬಾರದ ಹೊತ್ತು

ಪ್ಯಾಕು ಉಬ್ಬಿದ್ದರೆ, ನೇಲ್ ಪಾಲಿಶಿನಂಥ ಸಿಹಿ ವಾಸನೆ ಬಂದರೆ, ನಿಂತಲ್ಲೇ ಬಿಸಿಯಾಗುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಚಾರ್ಜ್ ಬೇಡ. ಸಾಧ್ಯವಿದ್ದರೆ ಬೈಕನ್ನು ಅಂಗಳದ ನಡುವೆ ತಳ್ಳಿ. ಬುಸ್ಸೆನ್ನುವ ಸದ್ದು, ಹೊಗೆ ಶುರುವಾದ ಮೇಲೆ ತಳ್ಳಲೂ ಹೋಗಬೇಡಿ. ಗಾಳಿ ಬರುವ ದಿಕ್ಕಿನಲ್ಲಿ ದೂರ ನಿಂತು 112ಕ್ಕೆ ಕರೆ ಮಾಡಿ. ಆ ಹೊಗೆ ವಿಷ. 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31, ಹೀಗೆ ಎರಡು ಹಂತದಲ್ಲಿ ಬಿಗಿಯಾದ, ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮದ ನಂತರದ ಪ್ಯಾಕುಗಳಲ್ಲಿ ವಿಪರೀತ ಬಿಸಿಗೆ ಸದ್ದು ಬೆಳಕಿನ ಎಚ್ಚರಿಕೆ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಬೈಕು ಕೊಳ್ಳುವಾಗ ಪ್ಯಾಕು ತಯಾರಾದ ತಿಂಗಳು ನೋಡಿ.

ಬಿಎಂಎಸ್ ಪದೇ ಪದೇ ಕಟ್ ಮಾಡುತ್ತದೆಂದು ಅದನ್ನು ಬೈಪಾಸ್ ಮಾಡಿಕೊಡುವ ಅಂಗಡಿಗೆ ಬೈಕು ಬಿಡಬೇಡಿ, ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವವರೂ ಅದೇ ಜಾತಿ. ಸತ್ತ ಪ್ಯಾಕನ್ನು ಗುಜರಿಗೆ ಹಾಕುವುದೂ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯದನ್ನು ಹಿಂಪಡೆಯುವ ಹೊಣೆ ತಯಾರಕರದ್ದು. ಡೀಲರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.